ಅತ್ತೆಯ ‘ಹೂಂ’

ನನಗೆ ಮಿಮಿಕ್ರಿ ಬರುತ್ತದೆ ಅಂತ ಮನೆಯಲ್ಲಿ ಗೊತ್ತಾದದ್ದು, ಅಪ್ಪನ ಕೆಮ್ಮನ್ನು ನಾನು ಕೆಮ್ಮಿ ಅಮ್ಮನ ಕೈಯಿಂದ ಬಿಸಿನೀರು ತರಿಸಿಕೊಂಡ ದಿನ. ಅಮ್ಮ ಲೋಟ ಹಿಡಿದು ಬಂದು ನೋಡಿದರೆ ಅಪ್ಪ ಇನ್ನೂ ಕೆಲಸದಿಂದ ಬಂದೇ ಇಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಪಕ್ಕದ ಕೋಣೆಯಿಂದ ಯಾರು ಕರೆದರೂ ‘ಯಾರದು, ನಿಜವಾಗಿ?’ ಅಂತ ಕೇಳಿಯೇ ಓಗೊಡುವುದು ರೂಢಿಯಾಯಿತು.

ಕಾಲೇಜಿನಲ್ಲಿ ವಾಣಿಜ್ಯ ಓದಿದೆ. ವ್ಯವಹಾರ ಸಂವಹನ ಅನ್ನುವ ವಿಷಯದಲ್ಲಿ ತರಗತಿಗೇ ಮೊದಲು. ಹೇಳುವುದು ಸ್ಪಷ್ಟವಾಗಿರಬೇಕು, ಚಿಕ್ಕದಾಗಿರಬೇಕು, ಪೂರ್ತಿಯಾಗಿರಬೇಕು, ಸೌಜನ್ಯ ಇರಬೇಕು ಅಂತ ಪುಟಗಟ್ಟಲೆ ಬರೆದು, ‘ಚಿಕ್ಕದಾಗಿರಬೇಕು’ ಅನ್ನುವುದನ್ನು ವಿವರಿಸಲಿಕ್ಕೆ ಇನ್ನೊಂದು ಹಾಳೆ ಕೇಳಿದವನು ನಾನು.

ಓದು ಮುಗಿಸಿ, ಎಲ್ಲರ ಧ್ವನಿ ತೆಗೆಯುತ್ತಾ ಮನೆಯಲ್ಲಿ ಕೂತಿದ್ದವನನ್ನು ಅಪ್ಪ ತನ್ನ ಅಕ್ಕನ ಲಾಂಡ್ರಿಗೆ ಅಟ್ಟಿದರು. ಅಲ್ಲಾದರೂ ಚೆನ್ನಾಗಿ ಒಗೆಯಲಿ ಅಂದರು. ಬಟ್ಟೆಯನ್ನೋ ನನ್ನನ್ನೋ ಹೇಳಲಿಲ್ಲ. ಸಂವಹನ ಓದಿ ಬಂದವನಿಗೆ ಅತ್ತೆ ಮೊದಲು ಕೊಟ್ಟದ್ದು ವಾಹನ. ಗಾಡಿಯಣ್ಣನ ಪಕ್ಕ ಕೂತು ಗಿರಾಕಿಗಳ ಹಿಂಬಾಗಿಲಿಗೆ ಹೋಗುವುದು, ಕೊಳೆ ಗಂಟು ಹೊತ್ತು ತರುವುದು, ಬಿಳಿ ಗಂಟು ಕೊಟ್ಟು ಬರುವುದು. ನಿಧಾನವಾಗಿ ಮುಂದಿನ ಗಾಜಿನ ಕೋಣೆಗೆ, ಬಿಲ್ಲು ಬರೆಯುವ ಮೇಜಿಗೆ ಬಡ್ತಿ ಸಿಕ್ಕಿತು. ಫೋನು ಮಾತ್ರ ಅತ್ತೆಯ ಬಲಗೈ ಬಿಟ್ಟು ಈ ಕಡೆ ಬರುತ್ತಿರಲಿಲ್ಲ.

ಗಾಜಿನ ಕೋಣೆಯ ಹಿಂದೆ ಉದ್ದನೆಯ ಶೆಡ್ಡು. ಒಗೆಯುವ ಯಂತ್ರಗಳು, ಹಿಂಡುವ ಯಂತ್ರ, ಆಮೇಲೆ ಎರಡು ಉರುಳೆ ಇಸ್ತ್ರಿ. ಉರುಳೆ ಅಂದರೆ ಅಡ್ಡ ಮಲಗಿಸಿದ ದಪ್ಪ ಬಿಸಿ ಕೊಳವೆ. ಈ ಕಡೆ ಇಬ್ಬರು ಹೆಂಗಸರು ಒದ್ದೆ ಬೆಡ್‌ಶೀಟಿನ ಮೂಲೆ ಹಿಡಿದು ಉಣಿಸಿದರೆ ಆ ಕಡೆ ಕಾಗದದ ಹಾಗೆ ಹೊರಗೆ ಬರುತ್ತದೆ. ಅಲ್ಲಿನ ಮುಖ್ಯಸ್ಥ ಇಸ್ತ್ರಿ ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸುಕ್ಕು ಕಂಡರೆ ಮಗ್ಗಿ ತಪ್ಪಿದ ಹುಡುಗನನ್ನು ನೋಡುವ ಹಾಗೆ ನೋಡುತ್ತಾರೆ, ಅದಕ್ಕೆ ಆ ಹೆಸರು. ಶೆಡ್ಡಿನ ಕೊನೆಯಲ್ಲಿ ಮಡಿಸುವ ಮೇಜು, ಅದರ ಮೇಲೆ ಅತ್ತೆಯ ಹಲಗೆ.

ಆ ಹಲಗೆಯ ವಿಷಯ ಹೇಳಲೇಬೇಕು. ತಲೆದಿಂಬಿಗಿಂತ ಸ್ವಲ್ಪ ಚಿಕ್ಕದು, ಅಂಚು ಸವೆದು ನುಣ್ಣಗಾದದ್ದು. ನಮ್ಮಲ್ಲಿಂದ ಹೋಗುವ ಪ್ರತಿ ಬೆಡ್‌ಶೀಟೂ ಆ ಹಲಗೆಯ ಅಳತೆಗೆ ಮಡಿಸಿಕೊಂಡೇ ಹೋಗಬೇಕು. ಒಬ್ಬರ ಮಂಚದ್ದಾಗಲಿ ಇಬ್ಬರ ಮಂಚದ್ದಾಗಲಿ, ಮೇಲಿಂದ ನೋಡಿದರೆ ಒಂದೇ ಗಾತ್ರ. ಹೊಲಿಗೆಯ ಅಂಚೆಲ್ಲ ಒಳಗೆ. ಹೊರಗೆ ಎಲ್ಲಿ ನೋಡಿದರೂ ಬರೀ ಬಿಳುಪು. ಒಂದರ ಮೇಲೊಂದು ಪೇರಿಸಿಟ್ಟರೆ ಸುಣ್ಣ ಬಳಿದ ಗೋಡೆ. ಅಂಚು ಕಂಡರೆ ಮಾನ ಹೋದ ಹಾಗೆ ಅನ್ನುತ್ತಿದ್ದರು ಅತ್ತೆ. ಬೇರೆ ಲಾಂಡ್ರಿಯವರು ಮಡಿಸಿದ್ದನ್ನು ಕಂಡರೆ, ಇದನ್ನು ಮಡಿಸಿದ್ದೋ, ಬಟ್ಟೆಯೇ ಸುಸ್ತಾಗಿ ಕೂತದ್ದೋ ಅಂತ ಕೇಳುತ್ತಿದ್ದರು.

ಈ ಮಾತನ್ನು ಅತ್ತೆಯ ಧ್ವನಿಯಲ್ಲೇ ಹೇಳುವುದು ಚಹಾ ಹೊತ್ತಿನಲ್ಲಿ ನನ್ನ ಮುಖ್ಯ ಕಾರ್ಯಕ್ರಮ. ದಪ್ಪ ಕಂಠ, ಕೊನೆಗೆ ಸ್ವಲ್ಪ ಎಳೆತ, ಮೂಗಿನಲ್ಲಿ ಒಂದು ಗತ್ತು. ಉರುಳೆಯ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಗಾಡಿಯಣ್ಣ ಮಾತ್ರ ಬಾಗಿಲ ಕಡೆ ಒಂದು ಕಣ್ಣಿಟ್ಟೇ ನಗುತ್ತಿದ್ದ. ಗಾಡಿ ಓಡಿಸುವವನಿಗೆ ಅದು ಅಭ್ಯಾಸ, ಹಿಂದೆ ಬರುವವರನ್ನು ನೋಡಿಕೊಳ್ಳುವುದು.

ಹೀಗಿರುವಾಗ ಅತ್ತೆಯ ಧ್ವನಿ ಕೆಟ್ಟಿತು. ಮೊದಲು ಗೊಗ್ಗರು, ಆಮೇಲೆ ಗಾಳಿ ಮಾತ್ರ. ಡಾಕ್ಟರು ನೋಡಿ, ಧ್ವನಿ ಹೊರಡುವ ಜಾಗದಲ್ಲಿ ಚಿಕ್ಕ ಗಂಟಿದೆ, ಗಾಬರಿಯಾಗುವಂಥದ್ದಲ್ಲ, ತೆಗೆದುಬಿಡೋಣ ಅಂದರು. ತೆಗೆದರು. ಆದರೆ ಕೆಲವು ವಾರ ಒಂದಕ್ಷರ ಆಡಕೂಡದು, ಪಿಸುಮಾತೂ ಕೂಡದು ಅಂತ ಕಟ್ಟಪ್ಪಣೆ. ಅಪ್ಪ ಒಂದು ಸ್ಲೇಟು ತಂದುಕೊಟ್ಟರು. ಸೀಮೆಸುಣ್ಣದ ಪುಡಿ ಬಟ್ಟೆಗೆ ಬೀಳುತ್ತೆ ಅಂತ ಅತ್ತೆ ಕೈಸನ್ನೆಯಲ್ಲೇ ಅದನ್ನು ವಾಪಸು ಕಳಿಸಿದರು. ಮೇಜಿನ ಮೇಲೆ ಬೆರಳ ಗಂಟಿನಿಂದ ಒಂದು ತಟ್ಟು ತಟ್ಟಿದರೆ ಹೌದು, ಎರಡು ತಟ್ಟಿದರೆ ಇಲ್ಲ. ಉಳಿದದ್ದಕ್ಕೆಲ್ಲ ಕಣ್ಣು. ಶೆಡ್ಡಿನ ಗದ್ದಲದಲ್ಲಿ ಅರ್ಧ ಮಾತು ಮೊದಲಿಂದಲೂ ಕೈಯಲ್ಲೇ ನಡೆಯುತ್ತಿದ್ದುದರಿಂದ ಕೆಲಸ ನಿಲ್ಲಲಿಲ್ಲ.

ನಿಂತದ್ದು ಫೋನು. ಅದನ್ನು ಅತ್ತೆ ತನ್ನ ಮೇಜಿನಿಂದ ಎತ್ತಿ ತಂದು ನನ್ನ ಮುಂದಿಟ್ಟರು. ಕಾಲೇಜಿನ ಪದವಿ ಕೊಡುವಾಗಲೂ ನನ್ನ ಕೈ ಅಷ್ಟು ಬೆವರಿರಲಿಲ್ಲ.

ಆಗಲೇ ಗಾಡಿಯಣ್ಣ ಒಂದು ಬೆಳಿಗ್ಗೆ ಗಂಟುಗಳನ್ನು ಇಳಿಸುತ್ತಾ, ಗಾಡಿ ಕೈಗೆ ಹಗುರ ಬರ್ತಾ ಇದೆ ಅಂದ. ದೊಡ್ಡ ಹೋಟೆಲಿನ ಗಂಟು. ಊಟದ ಹೋಟೆಲಲ್ಲ, ಮಲಗುವ ಹೋಟೆಲು. ಅಂತಸ್ತಿನ ಮೇಲೆ ಅಂತಸ್ತು, ಬಾಗಿಲ ಪಕ್ಕ ಬಾಗಿಲು. ನಮ್ಮ ಅರ್ಧಕ್ಕಿಂತ ಹೆಚ್ಚು ಕೆಲಸ ಬರುವುದೇ ಅಲ್ಲಿಂದ. ಅತಿಥಿಗಳು ಕಡಿಮೆ ಇರಬಹುದು ಅಂದೆ. ಇಲ್ಲ, ಮುಂದೆ ಕಾರು ನಿಲ್ಲಿಸೋಕೆ ಜಾಗ ಇರಲ್ಲ ಅಂದ. ಮತ್ತೆ ತಗ್ಗಿದ ದನಿಯಲ್ಲಿ, ಹಿಂಬಾಗಿಲಲ್ಲಿ ಬೇರೆ ಲಾಂಡ್ರಿಯ ಗಾಡಿಯೂ ನಿಂತಿತ್ತು ಅಂದ.

ಇಸ್ತ್ರಿ ಮೇಷ್ಟ್ರು ಅದನ್ನು ಕೇಳಿಸಿಕೊಂಡು ಎರಡನೆಯ ಉರುಳೆಯ ಚೌಕಟ್ಟಿನ ಮೇಲೆ ಕೈಯಿಟ್ಟರು. ಆ ಹೋಟೆಲು ಕೈಬಿಟ್ಟರೆ ಆ ಉರುಳೆ ತಣ್ಣಗಾಗುತ್ತದೆ, ಅದಕ್ಕೆ ಬಟ್ಟೆ ಉಣಿಸುವ ಹೆಂಗಸರು ಮನೆಗೆ ಹೋಗಬೇಕಾಗುತ್ತದೆ. ಅದು ಎಲ್ಲರಿಗೂ ಗೊತ್ತಿತ್ತು. ಅವತ್ತು ಚಹಾ ಹೊತ್ತಿನಲ್ಲಿ ಯಾರೂ ನನ್ನನ್ನು ಮಿಮಿಕ್ರಿ ಮಾಡು ಅನ್ನಲಿಲ್ಲ.

ನಾನು ಹೋಟೆಲಿನ ಮೇಡಂಗೆ ಫೋನು ಮಾಡಿದೆ. ಕೋಣೆಗಳ ಉಸ್ತುವಾರಿ ಅವರದು; ಲಾಂಡ್ರಿಗೆ ಏನು ಕೊಡಬೇಕು, ಯಾರಿಗೆ ಕೊಡಬೇಕು ಅನ್ನುವುದೂ ಅವರದೇ. ಕಲಿತದ್ದನ್ನೆಲ್ಲ ಹಾಕಿದೆ. ನಗುನಗುತ್ತಾ ಶುರುಮಾಡು ಅಂತ ಪುಸ್ತಕದಲ್ಲಿತ್ತು, ನಕ್ಕೆ. ಗಿರಾಕಿಯ ಮನಸ್ಸು ಹಗುರ ಮಾಡು ಅಂತಿತ್ತು, “ನಮಸ್ಕಾರ ಮೇಡಂ, ಕಲೆ ತೆಗೆಯೋದೇ ನಮ್ಮ ಕಲೆ” ಅಂದೆ. ಅವರು ನಕ್ಕರು. ನಮ್ಮ ಕೆಲಸದಲ್ಲಿ ಏನಾದರೂ ಕೊರತೆ ಇದೆಯೇ ಅಂತ ಕೇಳಿದೆ. ಅವರು ಉಸಿರು ಎಳೆದುಕೊಳ್ಳುವಷ್ಟರಲ್ಲಿ, ಬಿಳುಪು ಚೆನ್ನಾಗಿದೆಯಲ್ಲ, ಸಮಯಕ್ಕೆ ತಲುಪುತ್ತಿದೆಯಲ್ಲ, ಮಡಿಕೆಯಂತೂ ಕೇಳುವುದೇ ಬೇಡ ಅಲ್ಲವೇ ಅಂತ ನಾನೇ ಉತ್ತರವನ್ನೂ ಕೊಟ್ಟೆ. ಎಲ್ಲ ಚೆನ್ನಾಗಿದೆಯಪ್ಪಾ, ನಿಮ್ಮತ್ತೆಯವರ ಗಂಟಲು ಹೇಗಿದೆ ಅಂದರು. ಅದನ್ನೂ ಹೇಳಿದೆ, ಸ್ವಲ್ಪ ಅಭಿನಯದ ಸಮೇತ. ಫೋನಿಟ್ಟು ಅತ್ತೆಯ ಕಡೆ ತಿರುಗಿ, ಎಲ್ಲ ಚೆನ್ನಾಗಿದೆಯಂತೆ ಅಂದೆ.

ಅತ್ತೆ ಎರಡು ತಟ್ಟು ತಟ್ಟಿದರು.

ಮಾರನೆಯ ದಿನ ಗಾಡಿ ಇನ್ನೂ ಹಗುರ. ಉರುಳೆಯ ಹೆಂಗಸರಲ್ಲಿ ಹಿರಿಯಳು, ನಾವೆಲ್ಲ ದೊಡ್ಡಕ್ಕ ಅನ್ನುವವಳು, ನನ್ನನ್ನು ಮಡಿಸುವ ಮೇಜಿನ ಹತ್ತಿರ ಕರೆದಳು. ಅವಳ ಲೆಕ್ಕ ಸರಳವಾಗಿತ್ತು. ಆ ಮೇಡಂ ಇಷ್ಟು ವರ್ಷ ಮಾತಾಡಿದ್ದು ಅಮ್ಮಾವ್ರ ಹತ್ತಿರ. ನಿನ್ನ ಹತ್ತಿರ ಹೇಳಲ್ಲ. ಆದರೆ ನಿನ್ನ ಬಾಯಲ್ಲಿ ಅಮ್ಮಾವ್ರಿದಾರಲ್ಲ, ಅವರ ಧ್ವನೀಲೇ ಮಾತಾಡಿಬಿಡು. ಗಂಟಲು ವಾಸಿಯಾಯ್ತು ಅಂದ್ಕೋತಾರೆ. ಗಾಡಿಯಣ್ಣನೂ ತಲೆಯಾಡಿಸಿದ. ಮೇಷ್ಟ್ರು ಮಾತ್ರ, ತಪ್ಪು ಅಂತಲೂ ಅನ್ನದೆ ಸರಿ ಅಂತಲೂ ಅನ್ನದೆ, ದಿಂಬಿನ ಚೀಲದ ಇಲ್ಲದ ಸುಕ್ಕನ್ನು ನೀವುತ್ತಾ ನಿಂತರು.

ಸುಳ್ಳು ಯಾಕೆ, ಆ ಉಪಾಯ ನನ್ನ ತಲೆಗೂ ಬಂದಿತ್ತು. ಒಂದು ಸಲ ಹೇಳಿ ನೋಡೋಣ ಅಂತ ಹಲಗೆಯನ್ನೇ ಫೋನಿನ ಹಾಗೆ ಕಿವಿಗಿಟ್ಟುಕೊಂಡು ಶುರುಮಾಡಿದೆ. “ಹೇಳಿ ಮೇಡಂ. ಏನ್ ಸಮಾಚಾರ. ನಮ್ಮ ಹುಡುಗ ತಲೆ ತಿಂದನಂತೆ, ಮನಸ್ಸಿಗೆ ಹಚ್ಕೋಬೇಡಿ. ಅವನಿಗೆ ಬಾಯಿಗೆ ಬೀಗ ಇಲ್ಲ, ಕಿವಿಗೆ ಬಾಗಿಲೂ ಇಲ್ಲ. ಈಗ ನನ್ನ ಹತ್ರ ಹೇಳಿ, ಏನಾಗಿದೆ, ಗಾಡಿ ಯಾಕೆ ಹಗುರ ಬರ್ತಿದೆ, ಅದೇನು ಆ ಇನ್ನೊಂದು ಲಾಂಡ್ರಿ—”

ಯಾರೂ ನಗುತ್ತಿರಲಿಲ್ಲ. ಗಾಡಿಯಣ್ಣ ಈ ಸಲ ಬಾಗಿಲು ನೋಡುವುದನ್ನು ಮರೆತಿದ್ದ. ಅತ್ತೆ ನನ್ನ ಬೆನ್ನ ಹಿಂದೆಯೇ ಇದ್ದರು.

ನಾನು ಹಲಗೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ಬೈಯಲಿಕ್ಕೆ ಧ್ವನಿಯಿಲ್ಲದವರ ಮುಂದೆ ಬೈಸಿಕೊಳ್ಳುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಎಲ್ಲ ಬೈಗುಳವನ್ನೂ ನಾವೇ ಮನಸ್ಸಿನಲ್ಲಿ ಬರೆದುಕೊಳ್ಳಬೇಕು. ಆದರೆ ಅತ್ತೆ ಒಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು. ಹಲಗೆಯನ್ನು ಎತ್ತಿ ಮತ್ತೆ ನನ್ನ ಕೈಗೆ ಕೊಟ್ಟರು. ಮಾಡು ಅನ್ನುವ ಹಾಗೆ ಗದ್ದ ಎತ್ತಿದರು.

ನಾನು ಹೆದರಿಕೊಂಡೇ, “ಹೇಳಿ ಮೇಡಂ” ಅಂದೆ. ಅತ್ತೆ ಒಂದು ತಟ್ಟಿದರು. ಸರಿ. “ಏನ್ ಸಮಾಚಾರ” ಅನ್ನುವಷ್ಟರಲ್ಲಿ ಎರಡು ತಟ್ಟು. ನಿಲ್ಲಿಸಿದೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟರು. ಆ ಬೆರಳನ್ನು ಅಲ್ಲೇ ಇಟ್ಟುಕೊಂಡು ನನ್ನನ್ನೇ ನೋಡುತ್ತಾ ಕೂತರು. ಹಿಂದೆ ಹಿಂಡುವ ಯಂತ್ರ ಗಿರಗಿರ ಸುತ್ತಿ ನಿಂತಿತು. ನೀರು ಕೊಳವೆಯಲ್ಲಿ ಇಳಿದು ಹೋದದ್ದು ಕೇಳಿಸಿತು. ಬೆರಳು ಇನ್ನೂ ಅಲ್ಲೇ. ನನಗೆ ನಾಲಗೆ ತುರಿಸುತ್ತಿತ್ತು. ಆಮೇಲೆ ಬೆರಳು ತೆಗೆದು, ಬಾಯಿ ತೆರೆಯದೆ, ಸುಮ್ಮನೆ ತಲೆಯನ್ನು ಒಂದಿಷ್ಟು ಬಾಗಿಸಿದರು. ಆ ಬಾಗಿನಲ್ಲಿ ಒಂದು ‘ಹೂಂ’ ಇತ್ತು.

ನನಗೆ ಆಗ ನೆನಪಾಯಿತು. ಇಷ್ಟು ದಿನ ಎದುರು ಮೇಜಿನಲ್ಲೇ ಕೂತು ಕೇಳಿದ್ದೆನಲ್ಲ. ಅತ್ತೆ ಫೋನು ಎತ್ತಿದರೆ, “ಹೇಳಿ.” ಆಮೇಲೆ ಏನೂ ಇಲ್ಲ. ಬಹಳ ಹೊತ್ತಾದ ಮೇಲೆ, “ಹೂಂ.” ಮತ್ತೆ ಏನೂ ಇಲ್ಲ. ಕೊನೆಗೆ, “ನೀವು ಹೇಳಿದ್ದು ಹೀಗೆ, ಹೌದಾ?” ಅಂತ ಆ ಕಡೆಯವರು ಹೇಳಿದ್ದನ್ನೇ ಚುಟುಕಾಗಿ ಅವರಿಗೇ ಒಪ್ಪಿಸಿ ಫೋನಿಡುತ್ತಿದ್ದರು. ಮಿಮಿಕ್ರಿ ಮಾಡುವಾಗ ಆ ಏನೂ ಇಲ್ಲದ್ದನ್ನೆಲ್ಲ ನಾನು ಕತ್ತರಿಸಿ ಬಿಸಾಡಿದ್ದೆ. ಅದಕ್ಕೆ ಯಾರೂ ನಗುವುದಿಲ್ಲವಲ್ಲ. ಅತ್ತೆಯಲ್ಲಿ ಹೆಚ್ಚು ಇದ್ದದ್ದನ್ನೇ ಬಿಟ್ಟು ಅತ್ತೆಯನ್ನು ಮಾಡುತ್ತಿದ್ದೆ.

ಅವತ್ತು ಅತ್ತೆ ಮಡಿಸುವ ಮೇಜಿನ ಮುಂದೆ ನನಗೆ ತನ್ನನ್ನೇ ಕಲಿಸಿದರು. ದೊಡ್ಡಕ್ಕ ಹೋಟೆಲಿನ ಮೇಡಂ ಆದಳು; ಎಲ್ಲ ಚೆನ್ನಾಗಿದೆ ಅಂತ ಹೇಳಿ ಹೇಳಿ, ನಾನು ಸುಮ್ಮನೇ ಇದ್ದುದಕ್ಕೆ ತಡೆಯಲಾರದೆ, ತನ್ನ ಸೊಸೆಯ ಮೇಲಿನ ದೂರನ್ನೆಲ್ಲ ಹೇಳಿಬಿಟ್ಟಳು. ಮೇಷ್ಟ್ರು ಹಲ್ಲು ತೋರಿಸಿ ನಕ್ಕದ್ದನ್ನು ನಾವು ಅವತ್ತು ಮೊದಲ ಸಲ ನೋಡಿದೆವು. ಎಲ್ಲ ಮುಗಿದ ಮೇಲೆ ನಾನು ಅತ್ತೆಯ ದಪ್ಪ ಧ್ವನಿ ತೆಗೆದು, ಹಾಗಾದರೆ ಈಗಲೇ ಮಾಡಲಾ ಫೋನು ಅಂದೆ. ಎರಡು ತಟ್ಟು, ಜೋರಾಗಿ. ನನ್ನ ಗಂಟಲನ್ನು ತೋರಿಸಿದರು. ಧ್ವನಿ ನನ್ನದೇ ಇರಬೇಕು. ತಾವು ಕೊಡುವುದು ಬರೀ ಮೌನ.

ಗಾಜಿನ ಕೋಣೆಯ ಬಾಗಿಲು ಹಾಕಿಕೊಂಡು ಫೋನು ಮಾಡಿದೆ. ಅತ್ತೆ ತನ್ನ ಮೇಜಿನಲ್ಲಿ ಕೂತು ಎಲ್ಲೋ ನೋಡುವವರ ಹಾಗೆ ನೋಡುತ್ತಿದ್ದರು. ಕಲೆಯ ಜೋಕನ್ನು ನುಂಗಿಕೊಂಡೆ. ಮೇಡಂ, ನಾನು ಲಾಂಡ್ರಿಯ ಹುಡುಗ, ನಮಗೆ ಬರುವ ಬಟ್ಟೆ ಕಡಿಮೆಯಾಗಿದೆ, ಯಾಕೆ ಅಂತ ತಿಳಿದುಕೊಳ್ಳಲಿಕ್ಕೆ ಫೋನು ಮಾಡಿದೆ ಅಂದೆ. ಅಷ್ಟೇ. ಬಾಯಿ ಮುಚ್ಚಿದೆ.

ಅಯ್ಯೋ, ಹಾಗೇನಿಲ್ಲಪ್ಪ ಅಂದರು. ನಾನು ಸುಮ್ಮನಿದ್ದೆ. ಎಲ್ಲ ಚೆನ್ನಾಗೇ ಇದೆ ಅಂದರು. ಸುಮ್ಮನಿದ್ದೆ. ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದು, ಕುರ್ಚಿ ಎಳೆದ ಸದ್ದು. ನನ್ನ ಹೊಟ್ಟೆಯೊಳಗೆ ಹತ್ತಾರು ಮಾತು ಕ್ಯೂ ನಿಂತಿದ್ದವು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡೆ, ಬಾಯಿ ಹಿಡಿದುಕೊಂಡರೆ ಅತ್ತೆಗೆ ಕಾಣುತ್ತದೆ ಅಂತ. ಕೊನೆಗೆ, “ಹೂಂ” ಅಂದೆ.

“ಹೇಗೆ ಹೇಳೋದು ಮಾರಾಯ,” ಅಂದರು ಮೇಡಂ. ಧ್ವನಿ ಬೇರೆಯಾಗಿತ್ತು, ಮೇಲಿನ ಗುಂಡಿ ಬಿಚ್ಚಿ ಕೂತವರ ಹಾಗೆ. “ನಿಮ್ಮತ್ತೆ ಮಡಿಸೋದು ಎಷ್ಟು ಚೆಂದ ಅಂದ್ರೆ, ಅದೇ ತೊಂದರೆ. ಇಬ್ಬರ ಮಂಚದ ಶೀಟಿಗೆ ಗುರುತಿರಲಿ ಅಂತ ಅಂಚಿಗೆ ನೀಲಿ ಗೆರೆ ಹೊಲಿಸಿದೀವಿ. ನಿಮ್ಮಲ್ಲಿಂದ ಬಂದಾಗ ಆ ಗೆರೆ ಒಳಗೆ ಹೋಗಿರುತ್ತೆ. ಹಳಬರಿಗೆ ಕೈಯಲ್ಲಿ ಹಿಡಿದ್ರೆ ದಪ್ಪದಲ್ಲೇ ಗೊತ್ತಾಗ್ತಿತ್ತು. ಅವರೆಲ್ಲ ಬಿಟ್ಟು ಹೋದರು. ಈಗಿರೋ ಹೊಸಬರು ಬೀರುವಿನಲ್ಲಿ ಕಲಸಿಬಿಡ್ತಾರೆ, ಮೇಲಿನ ಅಂತಸ್ತಿಗೆ ಹೊತ್ಕೊಂಡು ಹೋಗಿ ಬಿಚ್ಚಿದ್ರೆ ಮಂಚಕ್ಕೆ ಸಾಲಲ್ಲ. ಮತ್ತೆ ಇಳೀಬೇಕು. ಅತಿಥಿ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತಿರ್ತಾರೆ. ಆ ಇನ್ನೊಂದು ಲಾಂಡ್ರಿಯವರು ಮುದ್ದೆ ಮಾಡಿ ಕಳಿಸ್ತಾರೆ ನಿಜ. ಆದರೆ ಗೆರೆ ಕಾಣುತ್ತೆ.”

ನಾನು, “ಆಮೇಲೆ?” ಅಂದೆ.

“ಆಮೇಲೇನು. ಇಷ್ಟು ವರ್ಷ ಮಡಿಕೆ ನೋಡಿ ಹೊಗಳಿದವಳು ನಾನೇ. ಈಗ ಅವರು ಗಂಟಲು ಕೊಯ್ಯಿಸಿಕೊಂಡು ಕೂತಿರೋವಾಗ, ನಿಮ್ಮ ಮಡಿಕೆ ಬೇಡ ಅಂತ ಯಾವ ಬಾಯಲ್ಲಿ ಹೇಳಲಿ?”

ಇಬ್ಬರ ಮಂಚದ ಶೀಟಿನಲ್ಲಿ ನೀಲಿ ಗೆರೆ ಹೊರಗೆ ಕಾಣಬೇಕು, ಉಳಿದದ್ದೆಲ್ಲ ಹೀಗೇ ಇರಲಿ, ನೀವು ಹೇಳಿದ್ದು ಇಷ್ಟು, ಹೌದಾ ಮೇಡಂ, ಅಂತ ಕೇಳಿದೆ. ಅಷ್ಟೇ ನೋಡಪ್ಪ ಅಂದರು. ಇಷ್ಟು ಚಿಕ್ಕ ವಿಷಯಕ್ಕೆ ಎಷ್ಟು ದಿನ ನಿದ್ದೆಗೆಟ್ಟೆ ಅಂತ ತಮ್ಮಷ್ಟಕ್ಕೇ ನಕ್ಕರು.

ಫೋನಿಟ್ಟೆ. ಅರ್ಧ ಕೆಲಸವಾಗಿತ್ತು. ಕಷ್ಟದ ಅರ್ಧ ಎದುರು ಮೇಜಿನಲ್ಲಿ ಕೂತಿತ್ತು.

ಅಂಚು ಕಂಡರೆ ಮಾನ ಹೋದ ಹಾಗೆ ಅನ್ನುವವರಿಗೆ ಅಂಚು ಕಾಣಲಿ ಅಂತ ಹೇಳುವುದು ಹೇಗೆ? ಕೆಟ್ಟ ಸುದ್ದಿಯನ್ನು ಎರಡು ಒಳ್ಳೆಯ ಮಾತಿನ ನಡುವೆ ಇಟ್ಟು ಕೊಡಬೇಕು ಅಂತ ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಒಳ್ಳೆಯ ಮಾತು ಹುಡುಕಿದೆ, ಸಿಕ್ಕಿದವು, ನಾಲಗೆಯ ತುದಿಯವರೆಗೂ ಬಂದವು. ಆದರೆ ಒಳ್ಳೆಯ ಮಾತಿನ ಮಡಿಕೆಯೊಳಗೆ ಗೆರೆ ಮುಚ್ಚಿಹೋಗಿಯೇ ಅಲ್ಲವೇ ಇಷ್ಟೆಲ್ಲ ಆದದ್ದು. ಅತ್ತೆಯ ಎದುರಿಗೆ ಹೋಗಿ ನಿಂತೆ.

“ಅತ್ತೆ, ನಾವು ಅಂಚು ಒಳಗೆ ಹಾಕಿ ಮಡಿಸೋದರಿಂದ ಅವರಿಗೆ ದೊಡ್ಡ ಶೀಟು ಯಾವುದು ಅಂತ ಗೊತ್ತಾಗ್ತಿಲ್ಲ. ಅಂಚಲ್ಲಿರೋ ನೀಲಿ ಗೆರೆ ಹೊರಗೆ ಕಾಣಬೇಕಂತೆ. ನಿಮಗೆ ಬೇಜಾರಾಗುತ್ತೆ ಅಂತ ಮೇಡಂ ಇಷ್ಟು ದಿನ ಹೇಳಿರಲಿಲ್ಲ.”

ಹೇಳಿ ಸುಮ್ಮನಾದೆ. ಅತ್ತೆ ತಟ್ಟಲಿಲ್ಲ. ಕಣ್ಣಲ್ಲೂ ಏನೂ ಇಲ್ಲ. ಅವರ ಮೌನವನ್ನು ನಾನೀಗ ಎದುರಿನಿಂದ ನೋಡುತ್ತಿದ್ದೆ. ಎದ್ದು ಶೆಡ್ಡಿನೊಳಗೆ ನಡೆದರು. ಹಿಂದೆಯೇ ಹೋದೆ. ಯಂತ್ರಗಳ ಹತ್ತಿರ ಇದ್ದವರೆಲ್ಲ ಕೆಲಸ ಮಾಡುವ ಹಾಗೆ ಮಾಡುತ್ತಾ ನೋಡುತ್ತಿದ್ದರು.

ಪೇರಿಸಿಟ್ಟ ಗೋಡೆಯಿಂದ ಇಬ್ಬರ ಮಂಚದ ಒಂದು ಬೆಡ್‌ಶೀಟನ್ನು ಎಳೆದು ಅತ್ತೆ ಝಾಡಿಸಿ ಬಿಚ್ಚಿದರು. ನೀಲಿ ಗೆರೆ ಕಂಡಿತು. ಅದರ ಮೇಲೆ ಹೆಬ್ಬೆರಳು ಓಡಿಸಿದರು, ಇಷ್ಟು ವರ್ಷ ಒಗೆದ ಬಟ್ಟೆಯನ್ನು ಈಗ ಪರಿಚಯ ಮಾಡಿಕೊಳ್ಳುವ ಹಾಗೆ. ಆಮೇಲೆ ಹಲಗೆ ಇಟ್ಟು ಮಡಿಸತೊಡಗಿದರು. ಒಂದು ಸಲ ಗೆರೆ ಓರೆಯಾಯಿತು, ಬಿಚ್ಚಿದರು. ಇನ್ನೊಂದು ಸಲ ಹಲಗೆಗಿಂತ ಹೊರಗೆ ಬಂತು, ಬಿಚ್ಚಿದರು. ಮೇಷ್ಟ್ರು ಮೆಲ್ಲಗೆ ಬಂದು ಆ ಕಡೆಯ ಮೂಲೆ ಹಿಡಿದರು. ಈ ಸಲ ಗೆರೆ ಹಲಗೆಯ ಅಂಚಿನ ಉದ್ದಕ್ಕೂ ನೆಟ್ಟಗೆ ಕೂತಿತು. ಅಳತೆ ಅದೇ. ಗೋಡೆ ಅದೇ. ಗೋಡೆಗೊಂದು ಗೆರೆ ಬಂದಿತ್ತು ಅಷ್ಟೇ.

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ನನ್ನ ಕಡೆ ತಿರುಗಿ, ಮೇಜಿಗಲ್ಲ, ನನ್ನ ತಲೆಯ ಮೇಲೆ ಬೆರಳ ಗಂಟಿನಿಂದ ಒಂದು ತಟ್ಟಿದರು.

ಮಾರನೆಯ ದಿನ ಗಾಡಿಯಣ್ಣನ ಜೊತೆ ನಾನೂ ಹೋದೆ. ಹೋಟೆಲಿನ ಹಿಂಬಾಗಿಲಲ್ಲಿ ಮೇಡಂ ಗಂಟು ಬಿಚ್ಚಿಸಿ, ಕೆಲಸಕ್ಕೆ ಹೊಸದಾಗಿ ಸೇರಿದ ಹೆಂಗಸೊಬ್ಬಳನ್ನು ಕರೆದು, ಇದರಲ್ಲಿ ದೊಡ್ಡದು ತೆಗಿಯಮ್ಮ ಅಂದರು. ಅವಳು ಯೋಚನೆಯನ್ನೂ ಮಾಡದೆ ತೆಗೆದುಕೊಂಡು ಮೆಟ್ಟಿಲು ಹತ್ತಿಯೇಬಿಟ್ಟಳು. ಪರೀಕ್ಷೆ ಅಂತಲೂ ಅವಳಿಗೆ ಗೊತ್ತಾಗಲಿಲ್ಲ. ಮೇಡಂ ನನ್ನ ಕೈ ಹಿಡಿದುಕೊಂಡು, ನಿಮ್ಮತ್ತೆಗೆ ಹೇಳು, ಅಂತ ಶುರುಮಾಡಿ, ಮುಂದಿನದನ್ನು ಹೇಳಲಾರದೆ ಬಿಟ್ಟರು. ನಾನು ಕೇಳಿಕೊಂಡೆ, ಹಾಗೇ ತಂದು ಅತ್ತೆಗೆ ಒಪ್ಪಿಸಿದೆ. ಆ ವಾರವೇ ಗಾಡಿಯಣ್ಣ ಗಂಟು ಇಳಿಸುವಾಗ ನರಳಲಿಕ್ಕೆ ಶುರುಮಾಡಿದ. ಅಷ್ಟು ಹಿತವಾದ ನರಳಾಟ ನಾನು ಕೇಳಿಲ್ಲ, ಅದನ್ನು ಕಲಿತಿಟ್ಟುಕೊಂಡಿದ್ದೇನೆ. ಎರಡನೆಯ ಉರುಳೆ ಬಿಸಿಯಾಗಿಯೇ ಉಳಿಯಿತು.

ಡಾಕ್ಟರು ಇನ್ನು ಮಾತಾಡಬಹುದು ಅಂದ ದಿನ ನಾವೆಲ್ಲ ಗಾಜಿನ ಕೋಣೆಯ ಸುತ್ತ ಸೇರಿದೆವು. ಅತ್ತೆ ಕೂತರು, ಸೆರಗು ಸರಿಮಾಡಿಕೊಂಡರು, ಕೈ ಚಾಚಿದರು. ಫೋನನ್ನು ಅವರ ಬಲಗೈ ಪಕ್ಕಕ್ಕೆ ಇಟ್ಟೆ. ಮೊದಲ ಮಾತು ಯಾರಿಗೆ ಅಂತ ನಮಗೆ ಗೊತ್ತಿತ್ತು. ಏನು ಅಂತ ಗೊತ್ತಿರಲಿಲ್ಲ. ಅತ್ತೆ ನಂಬರು ಒತ್ತಿದರು. ಆ ಕಡೆ ಹೋಟೆಲಿನ ಮೇಡಂ ಹಲೋ ಅಂದದ್ದು ಕೇಳಿಸಿತು.

ಅತ್ತೆಯ ಹಳೆಯ ದಪ್ಪ ಕಂಠ ಹೋಗಿಬಿಟ್ಟಿತ್ತು. ತೆಳುವಾಗಿ, ಒಂದಿಷ್ಟು ಒಡಕಾಗಿ, ಹೊಸದೊಂದು ಧ್ವನಿ ಬಂದಿತ್ತು. ಆ ಧ್ವನಿಯನ್ನು ಇನ್ನೂ ಮೇಲಕ್ಕೇರಿಸಿ, ಉಸಿರು ಬಿಡದೆ, ಕಾಲೇಜು ಹುಡುಗನ ಅವಸರದಲ್ಲಿ ಅವರು ಅಂದರು: “ನಮಸ್ಕಾರ ಮೇಡಂ, ಕಲೆ ತೆಗೆಯೋದೇ ನಮ್ಮ ಕಲೆ, ಬಿಳುಪು ಚೆನ್ನಾಗಿದೆಯಲ್ಲ, ಸಮಯಕ್ಕೆ ತಲುಪುತ್ತಲ್ಲ, ಮಡಿಕೆಯಂತೂ ಕೇಳೋದೇ ಬೇಡ ಅಲ್ವಾ—”

ನಾನೇ. ಕೊನೆಯಲ್ಲಿ ಮೂಗೆಳೆಯುವುದರ ಸಮೇತ ನಾನೇ. ನಾನು ಹಾಗೆ ಮೂಗೆಳೆಯುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ಮೇಷ್ಟ್ರು ಗೋಡೆ ಹಿಡಿದುಕೊಂಡು ನಕ್ಕರು, ದೊಡ್ಡಕ್ಕ ಕೆಳಗೇ ಕೂತುಬಿಟ್ಟಳು, ಗಾಡಿಯಣ್ಣ ಈಗ ನನ್ನ ಮುಖವನ್ನೇ ನೋಡಿಕೊಂಡು ನಕ್ಕ. ಇಷ್ಟು ಕಾಲ ಎದುರು ಮೇಜಿನಲ್ಲಿ ಒಬ್ಬರು ನನ್ನನ್ನು ಇಷ್ಟು ಗಮನ ಕೊಟ್ಟು ಕೇಳಿಸಿಕೊಂಡಿದ್ದರು. ನಾನು ಮತ್ತೊಮ್ಮೆ ಮೂಗೆಳೆದೆ. ಈ ಸಲ ಗೊತ್ತಿದ್ದೇ.

ಆ ಕಡೆ ಮೇಡಂ ನಗು ನಿಲ್ಲಿಸಿ ಏನೋ ಹೇಳತೊಡಗಿದರು, ಬಹಳ ದಿನದ್ದು ಕೂಡಿಟ್ಟುಕೊಂಡವರ ಹಾಗೆ. ಅತ್ತೆ ಒಡಕು ಧ್ವನಿಯಲ್ಲಿ “ಹೂಂ” ಅಂದರು. ನಾವು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಕೆಲಸಕ್ಕೆ ಹೋದೆವು.